ಅಳಿಯನ ಎದೆಯ ಮೇಲೆ ಅತ್ತೆಯ ಕೈ

"ಮುಟ್ಟಿಬಿಟ್ಟಳಲ್ಲ! ನಾನು ಕಣ್ಣಾರೆ ನೋಡ್ದೆ! ಅತ್ತೆ ಅನ್ನಿಸ್ಕೊಂಡವಳು ಅಳಿಯನ ಮೈ ಮುಟ್ಟಿದಳು... ಅದಕ್ಕೇ ಹೋಯ್ತು ನನ್ನ ತಮ್ಮನ ಪ್ರಾಣ!"

ಅಕ್ಕ ನಕಾಯಿಮ ಎದೆ ಎದೆ ಬಡಿದುಕೊಂಡು ಕೂಗಿದಾಗ, ತಮ್ಮ ಲುಬ್ವಾಮನ ಹೆಣದ ಸುತ್ತ ಕುಳಿತಿದ್ದ ಹೆಂಗಸರ ಅಳು ಗಕ್ಕನೆ ನಿಂತಿತು. ಸಂತೆಯಿಂದ ಆಗಷ್ಟೇ ಓಡಿಬಂದಿದ್ದ ಹೆಂಡತಿ ನಬ್ಬೋಸಳಿಗೆ ಗಂಡ ಇಲ್ಲವೆಂಬುದೇ ಇನ್ನೂ ಮನಸ್ಸಿಗೆ ಇಳಿದಿರಲಿಲ್ಲ. ಬೆಳಿಗ್ಗೆ ತನ್ನ ಕೈಯಾರೆ ಮಾತ್ರೆ ಕೊಟ್ಟು ಹೋಗಿದ್ದಳಲ್ಲ! ಅವಳು ಮೂಲೆಯಲ್ಲಿ ಮುದುಡಿ ಕುಳಿತಿದ್ದ ತಾಯಿ ನಂಬೋಝೆಯ ಕಡೆ ತಿರುಗಿದಳು.

ಮಸಾಕದ ಆ ಸೀಮೆಯಲ್ಲಿ ಅತ್ತೆ ಅಳಿಯಂದಿರು ಮುಟ್ಟುವುದಿರಲಿ, ಒಬ್ಬರ ಮುಖ ಒಬ್ಬರು ನೋಡುವುದೂ ಇಲ್ಲ; ಮುಟ್ಟಿದರೆ ಕೈ ನಡುಗುವ ರೋಗ ಬರುತ್ತದೆಂದು ನಂಬಿಕೆ. ನಂಬೋಝೆಯ ಹಳೇ ಮನೆ ಕುಸಿದಾಗ ಬಡಗಿ ಲುಬ್ವಾಮನೇ ಅವಳನ್ನು ಕರೆತಂದು, ತನ್ನ ಮನೆಯ ನಡುವೆ ಜೊಂಡಿನ ತಟ್ಟಿ ಕಟ್ಟಿ ಅರ್ಧ ಮನೆ ಬಿಟ್ಟುಕೊಟ್ಟಿದ್ದ. ಏಳು ವರ್ಷ! ಅತ್ತೆ ಮರೆಗೆ ಸರಿಯಲೆಂದು ಬಾಗಿಲಲ್ಲೇ ಕೆಮ್ಮುತ್ತಿದ್ದ. ಮಾಂಸ ತಂದ ದಿನ ಒಳ್ಳೆಯ ತುಂಡನ್ನು ಬಾಳೆಲೆಯಲ್ಲಿ ಸುತ್ತಿ ತಟ್ಟಿಯ ಕೆಳಗೆ ಸರಿಸುತ್ತಿದ್ದ. ಹೋದ ವರ್ಷ ಅವನ ಎದೆಬಡಿತ ತಾಳ ತಪ್ಪತೊಡಗಿತು. ಕಂಪಾಲದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಒಂದು ಹೊತ್ತೂ ತಪ್ಪಿಸಬಾರದೆಂದರು. ನರ್ಸ್ ಮನೆಗೇ ಬಂದು, ಸುತ್ತಿಟ್ಟ ಚಾಪೆಯ ಮೇಲೆ ನಬ್ಬೋಸಳ ಕೈ ಇರಿಸಿ ತೋರಿಸಿದಳು: "ಬಿದ್ದು ಉಸಿರು ನಿಂತ್ರೆ ಕಾಯಬೇಡ. ಎದೆ ನಡುವೆ ಜೋರಾಗಿ ಒತ್ತು. ಒತ್ತುತ್ತಾನೇ ಇರು." ತಟ್ಟಿಯ ಆಚೆ ನಂಬೋಝೆಗೂ ಎಲ್ಲ ಕೇಳಿಸಿತ್ತು. ಲುಬ್ವಾಮ ನಕ್ಕಿದ್ದ: "ಅತ್ತೇರೇ, ನಿಮಗೆ ಈ ಉಸಾಬರಿ ಬೇಡ. ಅಲ್ಲಿಂದಲೇ ಚೆನ್ನಾಗಿ ಬೈದುಬಿಡಿ, ಹೆದರಿ ಎದ್ದು ಕೂರ್ತೀನಿ!"

ನಬ್ಬೋಸ ತಾಯಿಯ ಕೈ ಹಿಡಿದಳು. "ಅಮ್ಮಾ... ಮುಟ್ಟಿದ್ಯಾ?"

"ಮುಟ್ಟಿದೆ ಮಗಳೇ."

"ಕೇಳಿದ್ರಾ?" ಎಂದಳು ನಕಾಯಿಮ. "ಕೈ ಹೇಗೆ ನಡುಗ್ತಿದೆ ನೋಡಿ! ಮುಟ್ಟಿದ ಪಾಪ ಅದು!"

"ಮುಟ್ಟಿದ್ದಕ್ಕೆ ಹೋಗ್ಲಿಲ್ಲಮ್ಮಾ!" ನಂಬೋಝೆ ಕಿರುಚಿದಳು. "ಮುಟ್ಟೋಕೆ ತಡ ಮಾಡಿದೆ, ಅದಕ್ಕೆ ಹೋದ್ರು... ಧೊಪ್ಪಂತ ಬಿದ್ದಿದ್ದು ಕೇಳಿಸ್ತು. ತಮಾಷೆ ಅಂದ್ಕೊಂಡೆ. ಏಳಿ ಅಳಿಯಂದ್ರೇ, ಸಾಕು ಸೋಮಾರಿತನ ಅಂತ ಇಲ್ಲಿಂದಲೇ ಬೈದೆ. ಬೈಯಿ ಅಂತ ಅವರೇ ಹೇಳಿದ್ರಲ್ಲ... ಏಳಲಿಲ್ಲ. ಬೀದಿಗೋಡಿ ಕೂಗಿದೆ, ಎಲ್ಲಾ ಸಂತೆಗೆ ಹೋಗಿದ್ರು. ವಾಪಸ್ ಬಂದು ಈ ತಟ್ಟಿ ಹಿಡ್ಕೊಂಡು ನಿಂತೆ. ನರ್ಸಮ್ಮ ಹೇಳಿದ್ದೆಲ್ಲ ಗೊತ್ತಿತ್ತು ಕಣೇ! ಗೊತ್ತಿದ್ದೂ ನಿಂತೆ! ಆಮೇಲೆ ಕಣ್ಣು ಮುಚ್ಕೊಂಡು, ನಕಾಯಿಮ ಬರೋವರೆಗೂ, ಕೈ ಸೋಲೋ ತನಕ ಒತ್ತಿದೆ... ಒಂದ್ಸಲನೂ ಮಿಡೀಲಿಲ್ಲ."

"ಎಷ್ಟು ಹೊತ್ತು ನಿಂತಿದ್ದೆ?"

"ಒಲೆ ಮೇಲೆ ಚಹಾಕ್ಕೆ ಆಗಷ್ಟೇ ಇಟ್ಟಿದ್ದೆ... ಉಕ್ಕಿ ಚೆಲ್ಲೋ ತನಕ."

ನಬ್ಬೋಸ ತಾಯಿಯ ಕೈ ಬಿಟ್ಟುಬಿಟ್ಟಳು. ಅಯ್ಯೋ, ಆ ಕ್ಷಣ ಆ ಮುದುಕಿಯ ಮುಖ ನೋಡಲಾಗುತ್ತಿರಲಿಲ್ಲ!

"ಇನ್ನೂ ಏನು ನೋಡ್ತೀಯಾ? ಆಚೆ ತಳ್ಳು ಇವಳನ್ನ!" ಎಂದಳು ನಕಾಯಿಮ.

ನಬ್ಬೋಸ ಎದ್ದಳು. ತಾಯಿಯನ್ನು ತಳ್ಳಲಿಲ್ಲ. ಗಂಡ ಕಟ್ಟಿದ ತಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಕಿತ್ತು ಅಂಗಳಕ್ಕೆಸೆದಳು.

"ಅಕ್ಕಾ, ಇವಳನ್ನ ಕ್ಷಮಿಸೋಕೆ ನನ್ನ ಕೈಲಿ ಆಗುತ್ತೋ ಇಲ್ವೋ, ಗೊತ್ತಿಲ್ಲ. ಆದ್ರೆ ಅವರಿದ್ದಿದ್ರೆ ಇವತ್ತೂ ಒಳ್ಳೆ ತುಂಡು ಇವಳಿಗೇ ತೆಗೆದಿಡ್ತಿದ್ರು. ಅಮ್ಮ ಎಲ್ಲೂ ಹೋಗಲ್ಲ."

ತಾಯಿಯನ್ನು ತೋಳು ಹಿಡಿದು ಕರೆತಂದು, ಹೊದಿಸಿದ್ದ ನಾರುಬಟ್ಟೆಯನ್ನು ಲುಬ್ವಾಮನ ಮುಖದಿಂದ ಸರಿಸಿದಳು. "ನೋಡಮ್ಮಾ. ಈಗಲಾದ್ರೂ ಕಣ್ಣು ಬಿಟ್ಟು ನೋಡು."

ನಂಬೋಝೆ ಬಹಳ ಹೊತ್ತು ನೋಡಿದಳು. ಕೈ ಮುಂದೆ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡಳು.

"ಇವರಿಗೆ ಇಷ್ಟು ಬೇಗ ಕೂದಲು ನರೆತಿತ್ತಾ, ಮಗಳೇ?"

"ಹೋದ ವರ್ಷದಿಂದ, ಅಮ್ಮಾ..." ಎಂದಳು ನಬ್ಬೋಸ. ತಾಯಿಯ ನಡುಗುವ ಕೈಯನ್ನು ಮತ್ತೆ ಹಿಡಿದುಕೊಂಡು ಗೊಳೋ ಎಂದು ಅತ್ತಳು.