ಮೂಲೆ ಜಜ್ಜಿದ ಪೆಟ್ಟಿಗೆ

ಬೆಳಗ್ಗೆ ಏಳಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಡಾಕ್ಟರು ಎರಡೇ ಮಾತು ಆಡಿದರು. ಅವಳು ಅಳಲಿಲ್ಲ. ಗಂಡನಿಗೆ ಕೊನೆಯ ಸಲ ತೊಡಿಸಲು ಬಿಳಿ ಶರ್ಟು ಬೇಕಲ್ಲ ಎಂದುಕೊಂಡು ಬೀರು ತೆಗೆದಳು.

ಶರ್ಟುಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಪುಸ್ತಕದ ಪುಟ ವಿನ್ಯಾಸ ಮಾಡುವ ಸಾಫ್ಟ್‌ವೇರಿನದು. ಮೇಲೆ ದಪ್ಪಕ್ಷರದಲ್ಲಿ ‘64-ಬಿಟ್’. ಸೀಲು ಒಡೆದಿತ್ತು. ಒಡೆದವಳು ತಾನೇ.

“ಅಕ್ಕಾ, ಶರ್ಟು ಸಿಕ್ತಾ?” ತಂಗಿ ಹೊರಗಿನಿಂದ ಕೇಳಿದಳು.

“ಇವರು ಇದನ್ನ ಕಂಪನಿಗೆ ವಾಪಸ್ ಕಳಿಸಿದೆ ಅಂದಿದ್ರಲ್ಲೇ!”

ಹದಿನೆಂಟು ವರ್ಷದ ಹಿಂದೆ, ಇನ್ನೂ ಅವಳ ಗಂಡನಾಗಿರದ ಅವರದು ಸಾಫ್ಟ್‌ವೇರ್ ಮಾರುವ ಸಣ್ಣ ಅಂಗಡಿ. ಅವಳು ಮನೆಯಲ್ಲೇ ಪುಸ್ತಕಗಳ ಪುಟ ವಿನ್ಯಾಸ ಮಾಡುತ್ತಿದ್ದಳು. ನಲವತ್ತು ದಾಟಿತ್ತು, ಮದುವೆಯ ಮಾತನ್ನು ಮನೆಯವರು ಬಿಟ್ಟೇಬಿಟ್ಟಿದ್ದರು. ಅವರ ಅಂಗಡಿಯಲ್ಲಿ ಆಸೆಯಿಂದ ಕೊಂಡ ಈ ಸಾಫ್ಟ್‌ವೇರ್ ಅವಳ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗಲೇ ಇಲ್ಲ. ಸೋಮವಾರಕ್ಕೆ ಪುಸ್ತಕ ಮುಗಿಸಿ ಕೊಡಬೇಕಿತ್ತು. ಪೆಟ್ಟಿಗೆಯನ್ನು ತಂದು ಅವರ ಕೌಂಟರಿನ ಮೇಲೆ ಕುಕ್ಕಿದಳು.

“ನನ್ನ ಮಿಷನ್ ಮೇಲೆ ಅರವತ್ನಾಲ್ಕು ಅಂತ ಸ್ಟಿಕರ್ ಇದೆ ರೀ. ನಂಗೇನು ಕಣ್ಣು ಕಾಣಲ್ವಾ?”

“ಕಾಣುತ್ತೆ ಮೇಡಂ. ಈಗ ನನ್ನನ್ನ ಸುಡ್ತಾನೇ ಇದೆಯಲ್ಲ.”

ಅವತ್ತೇ ಮನೆಗೆ ಬಂದರು. ಮೌಸ್ ಹಿಡಿದು ‘ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದರು. ‘ಸಿಸ್ಟಮ್ ಟೈಪ್’ ಎದುರು 32-ಬಿಟ್ ಎಂದಿತ್ತು.

“ಸ್ಟಿಕರ್ ಹೇಳೋದು ಪ್ರೊಸೆಸರ್ ವಿಷಯ. ಒಳಗೆ ಹಾಕಿರೋ ಆಪರೇಟಿಂಗ್ ಸಿಸ್ಟಮ್ ಮೂವತ್ತೆರಡರದ್ದು. ಅರವತ್ನಾಲ್ಕರ ಸಾಫ್ಟ್‌ವೇರ್ ಇದರ ಮೇಲೆ ಓಡಲ್ಲ. ಲೈಸೆನ್ಸ್ ತಗೊಳ್ಳೋ ಮುಂಚೆ ಇಲ್ಲಿ ನೋಡ್ಬೇಕು ಮೇಡಂ, ಹೊರಗಲ್ಲ.”

“ಸೀಲು ಒಡೆದುಬಿಟ್ಟೆನಲ್ಲ. ಈಗೇನು ಗತಿ?”

ಅವರು ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ತಲೆಯೆತ್ತಿದವರು ಅವಳ ಕಣ್ಣಿಗೆ ಸಿಕ್ಕಿಬಿದ್ದು, ಥಟ್ಟನೆ ಪರದೆಯ ಕಡೆ ತಿರುಗಿಕೊಂಡರು.

“ಕಂಪನಿಯವರು ಬದಲಾಯಿಸಿ ಕೊಡ್ತಾರೆ. ಚಿಂತೆ ಬಿಡಿ.”

ಸಂಜೆಗೆ 32-ಬಿಟ್‌ನ ಪೆಟ್ಟಿಗೆ ತಂದುಕೊಟ್ಟರು. ಪುಸ್ತಕ ಸೋಮವಾರಕ್ಕೆ ಸರಿಯಾಗಿ ಮುಗಿಯಿತು. ಆಮೇಲೆ ವಾರಕ್ಕೊಮ್ಮೆ ಬಾಗಿಲಲ್ಲಿ ಅವರೇ.

“ಸರಿಯಾಗಿ ಓಡ್ತಿದೆಯಾ ನೋಡೋಣ ಅಂತ ಬಂದೆ.”

“ಓಡ್ತಿದೆ. ನೀವು ಓಡ್ಬೇಡಿ, ಟೀ ಕುಡಿದು ಹೋಗಿ.”

ವರ್ಷ ತುಂಬುವುದರೊಳಗೆ ಮದುವೆಯಾಯಿತು. ಆಮೇಲೂ ಅವರಿಗೆ ಅವಳು ಮೇಡಂ. ಅವಳಿಗೆ ಅವರು ಅಂಗಡಿಯವರು.

“ನಾನು ನಿಮಗೆ ಯಾವತ್ತು ಇಷ್ಟ ಆದೆ, ಹೇಳಿ ಅಂಗಡಿಯವರೇ.”

“ಆಮೇಲೆ ಹೇಳ್ತೀನಿ ಮೇಡಂ.”

ಎಷ್ಟು ಸಲ ಕೇಳಿದರೂ ಇದೇ ಉತ್ತರ. ಹೇಳದೆಯೇ ಹೋಗಿಬಿಟ್ಟರಲ್ಲ ಎಂಬುದೇ ಫೋನ್ ಇಟ್ಟಾಗಿನಿಂದ ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಪೆಟ್ಟಿಗೆಯ ಮುಚ್ಚಳ ತೆರೆದಳು. ಒಳಬದಿಯಲ್ಲಿ ಅವರ ಗುಂಡು ಅಕ್ಷರ. ಕೆಳಗೆ ಅವಳು ಜಗಳಕ್ಕೆ ಹೋಗಿದ್ದ ದಿನದ ತಾರೀಕು.

‘ಕಂಪನಿ ವಾಪಸ್ ತೆಗೆದುಕೊಳ್ಳಲಿಲ್ಲ. ಅವರ ಸಿಸ್ಟಮ್ ಯಾವುದೆಂದು ಕೇಳದೆ ಮಾರಿದ ತಪ್ಪು ನನ್ನದೇ. ಇರಲಿ, ಇದು ನನ್ನ ಹತ್ತಿರವೇ ಇರಲಿ. ಅವರು ಕುಕ್ಕಿದ ರಭಸಕ್ಕೆ ಒಂದು ಮೂಲೆ ಜಜ್ಜಿದೆ. ನೋಡಿದಾಗಲೆಲ್ಲ ಅವರ ಮುಖ ಎದುರು ಬರುತ್ತದೆ. ಅವರು ನಾಳೆಯೂ ಜಗಳಕ್ಕೆ ಬರಬಾರದೇ?’

ಜಜ್ಜಿದ ಮೂಲೆಯ ಮೇಲೆ ಬೆರಳಾಡಿಸಿದಳು. ಆಗ ಅಳು ಬಂತು.

ತಂಗಿ ಒಳಬಂದು ಭುಜ ಹಿಡಿದಳು. ಅವಳು ಬಿಳಿ ಶರ್ಟನ್ನು ಮಡಿಲಿಗೆ ಹಾಕಿಕೊಂಡು ಕೈಮುಗಿದಳು.

“ದೇವರೇ, ಹೊರಗೆ ಅಂಟಿಸಿದ್ದನ್ನ ಓದೋಳು ನಾನು. ಒಳಗೇನಿದೆ ಅಂತ ನೋಡೋನು ನೀನು. ಇವರು ಬಾಯಿಬಿಟ್ಟು ಹೇಳ್ಲಿಲ್ಲ, ನಿನಗೆ ಗೊತ್ತಿತ್ತು. ನಿನ್ನ ಪಾದದ ಹತ್ರ ಇವರಿಗೆ ಜಾಗ ಕೊಡು. ಆ ಜೀವಕ್ಕೆ ಶಾಂತಿ ಕೊಡು, ತಂದೆ.”