ಹಸಿರು ದೀಪದ ಸಕ್ಕರೆ

ಬೀಜದರ್ಶಿ ಯಂತ್ರದ ಬಾಯಿಗೆ ಒಂದು ಹನಿ ರಕ್ತ ಬಿತ್ತು. ಯಂತ್ರ ಗುಂಯ್‌ಗುಡುತ್ತ ಮಗುವಿನ ವಂಶವಾಹಿಗಳನ್ನೆಲ್ಲ ಓದಿ ಮುಗಿಸಿ ಹಸಿರು ದೀಪ ಹೊತ್ತಿಸಿತು. ಹಸಿರೆಂದರೆ ಹುಟ್ಟಿನಿಂದ ಬಂದ ಬೇನೆ ಯಾವುದೂ ಇಲ್ಲ. ಹಸಿರು ಬಂದಾಗ ಮಗುವಿನ ಅಂಗೈಗೆ ಚಿಟಿಕೆ ಸಕ್ಕರೆ ಹಾಕುವುದು ಹುಬ್ಬಳ್ಳಿಯ ಆ ಪರೀಕ್ಷಾಲಯದಲ್ಲಿ ಬೆಳೆದುಬಂದ ಪದ್ಧತಿ. ನರ್ಸ್ ಡಬ್ಬಿ ತಂದಳು. ಐದು ವರ್ಷದ ಕಸ್ತೂರಿ ಖುಷಿಯಿಂದ ಕೈ ಚಾಚಿದಳು. ಅವಳನ್ನು ಎತ್ತಿಕೊಂಡಿದ್ದ ತಾಯಿ ರೇಣವ್ವ ಮಾತ್ರ ನಗಲಿಲ್ಲ.

"ಪ್ರತಿ ಸಲಾನೂ ಹಸರರೀ. ಹೋದ ವರ್ಷ ಅಂಗಳದಾಗ ಓಡ್ಯಾಡತಿದ್ಲು, ಈಗ ನಿಂದ್ರಾಕ ಬರೂದಿಲ್ಲ. ಹಂಗಾರ ಇಕಿಗೆ ಆಗೇತೇನು?"

ಕೇಳಿಸಿಕೊಂಡವರು ಡಾ. ಪ್ರಭಾವತಿ ಕೆರೂರ, ರೋಗಪರೀಕ್ಷಾ ನಿಯಂತ್ರಣ ಮಂಡಳಿಯ ಅಧ್ಯಕ್ಷೆ. ರೇಣವ್ವನ ದೂರು ತಲುಪಿದ್ದರಿಂದ ತಾವೇ ಬಂದಿದ್ದರು. ಮಗುವಿನ ಮೊಣಕಾಲಿಗೆ ಮೆಲ್ಲಗೆ ತಟ್ಟಿದರು. ಕಾಲು ಅಲುಗಲಿಲ್ಲ. ಸ್ನಾಯು ಸೊರಗುವ ಬೇನೆ! ಇದಕ್ಕೆ ಒಂದೇ ಒಂದು ಚುಚ್ಚುಮದ್ದಿದೆ. ಕೈಕಾಲಿನಲ್ಲಿ ಕಸುವು ಉಳಿದಿರುವಾಗಲೇ ಕೊಡಬೇಕು. ಆದರೆ ಮದ್ದಿನ ಕಪಾಟು ಯಂತ್ರದ ಕೆಂಪು ದೀಪಕ್ಕೆ ಮಾತ್ರ ತೆರೆದುಕೊಳ್ಳುತ್ತದೆ. ಅದರ ಬೀಗದ ಕೈ ಯಾವ ವೈದ್ಯರ ಬಳಿಯೂ ಇಲ್ಲ.

ಯಂತ್ರ ಓದುತ್ತದೆ, ನಿಜ. ಓದಿದ್ದರಲ್ಲಿ ಯಾವ ದೋಷ ಕೆಟ್ಟದ್ದು, ಯಾವುದು ನಿರಪಾಯ ಎಂದು ಹೇಳಿಕೊಡುವವರು ಮನುಷ್ಯರೇ. ಆರೋಗ್ಯವಂತರಲ್ಲಿ ಹೇರಳವಾಗಿ ಕಾಣುವ ದೋಷ ನಿರಪಾಯ ಎಂಬುದು ಸೂತ್ರ. ಆ ಆರೋಗ್ಯವಂತರ ರಕ್ತವನ್ನು ಕಲೆಹಾಕಿ ಹೆಸರು ಮಾಡಿದವರು ಪ್ರಭಾವತಿಯವರೇ. ಪುಕ್ಕಟೆಯಾಗಿ ರಕ್ತ ಕೊಡುವ ಆರೋಗ್ಯವಂತರು ಎಲ್ಲಿ ಸಿಗುತ್ತಾರೆ? ಇಂಥ ಹುಟ್ಟುಬೇನೆಯ ರೋಗಿಗಳ ಜೊತೆ ಬುತ್ತಿ ಕಟ್ಟಿಕೊಂಡು ಬಂದು ಆಸ್ಪತ್ರೆಯ ಪಡಸಾಲೆಯಲ್ಲಿ ಮಲಗುತ್ತಿದ್ದ ನೆಂಟರ ಬಳಿ ಹೋದರು. ಎಚ್ಚರಿಕೆಯನ್ನೂ ವಹಿಸಿದರು: ರಕ್ತಸಂಬಂಧಿಗಳನ್ನು ಬಿಟ್ಟು, ಮದುವೆಯಾಗಿ ರೋಗಿಯ ಮನೆಗೆ ಬಂದ ಸೊಸೆಯಂದಿರ ರಕ್ತವನ್ನಷ್ಟೇ ತೆಗೆದರು. ವಿದ್ವಾಂಸರೆಲ್ಲ ತಲೆದೂಗಿದರು.

"ಇಕಿ ಅಪ್ಪ ಬಂದಿಲ್ಲೇನವ್ವಾ?" ಎಂದು ಪ್ರಭಾವತಿ ರೇಣವ್ವನನ್ನು ಕೇಳಿದರು.

"ಹೊರಗ ಕುಂತಾನ್ರಿ, ನಮ್ಮ ಮಾವ."

"ಮಾವ?"

"ಹೂಂರಿ, ನಮ್ಮವ್ವನ ತಮ್ಮ. ಅವನವ್ವ ನನಗ ಅತ್ತಿನೂ ಹೌದು, ಅಜ್ಜಿನೂ ಹೌದು. ನಮ್ಮ ಮನಿಗೆ ಹೊರಗಿನ ಹೆಣ್ಣ ತಂದಿಲ್ರಿ."

ಪ್ರಭಾವತಿಯವರಿಗೆ ಆಗ ಅರ್ಥವಾಯಿತು. ಪಡಸಾಲೆಯಲ್ಲಿ ಮಲಗಿದ್ದ ಆ ಸೊಸೆಯಂದಿರಲ್ಲಿ ಎಷ್ಟೋ ಮಂದಿ ಅದೇ ಮನೆಯ ಹೆಣ್ಣುಮಕ್ಕಳ ಮಕ್ಕಳು! ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಈ ದೋಷ ಕಾಡುತ್ತದೆ. ಒಬ್ಬರಿಂದ ಬಂದರೆ ರಕ್ತದಲ್ಲಿ ಸುಮ್ಮನೆ ಕೂತಿರುತ್ತದೆ. ಬೇನೆಯ ಬೀಜವನ್ನೇ ಅವರು ಆರೋಗ್ಯದ ಗುರುತೆಂದು ಎಣಿಸಿಬಿಟ್ಟಿದ್ದರು. ಅವರ ಸ್ವಂತ ಅವ್ವನೂ ಸೋದರಮಾವನ ಕೈ ಹಿಡಿದವಳೇ. ಅಂಥ ಮನೆಯಲ್ಲಿ ಉಂಡು ಬೆಳೆದೂ ಅವರಿಗೆ ಇದು ಹೊಳೆಯಲಿಲ್ಲ. ಮನೆಯ ಮಾತು ಬೇರೆ, ವಿಜ್ಞಾನ ಬೇರೆ ಎಂದುಕೊಂಡಿದ್ದರೇನೋ! ನಾಚಿಕೆಯಿಂದ ಅವರಿಗೆ ತಲೆ ಎತ್ತಲಾಗಲಿಲ್ಲ.

"ಯಂತ್ರದ ತಪ್ಪಲ್ಲವ್ವಾ, ನನ್ನ ತಪ್ಪು," ಎಂದರು.

ರೇಣವ್ವ ಅವರ ಮುಖ ನೋಡಿದಳು. "ಈಗ ಗೊತ್ತಾತಲ್ರಿ. ಇನ್ನ ಮದ್ದ ಕೊಡಸ್ರಿ."

ಮಂಡಳಿಯ ಕಚೇರಿಯಲ್ಲಿ ಕಾರ್ಯದರ್ಶಿ ಹಂಪಿಹೊಳಿ ಪ್ರಭಾವತಿ ಹೇಳಿದ್ದೆಲ್ಲವನ್ನೂ ವಿನಯದಿಂದಲೇ ಕೇಳಿದರು.

"ನಿರಪಾಯ ಅನ್ನೋದನ್ನ ತಿದ್ದಬೇಕಂದ್ರ ಯಂತ್ರ ಗುರುತಿಸಿದ ರೋಗಿಗಳು ಬೇಕ್ರೀ ಮೇಡಮ್. ಇಡೀ ರಾಜ್ಯದಾಗ ಒಬ್ಬರೂ ಇಲ್ಲ. ಬೇನಿ ನಿರ್ಮೂಲ ಆತಂತ ನಿಮಗ ಶಾಲು ಹೊದಿಸಿ ಸನ್ಮಾನಾನೂ ಮಾಡೇವಿ."

"ಯಂತ್ರ ಗುರುತಿಸಂಗಿಲ್ಲ, ಅದಕ್ಕ ಇಲ್ಲ! ನನ್ನ ಸಂಶೋಧನೆನ ತಪ್ಪಂತ ಬರದು ಕೊಡತೀನಿ, ತಗೋರಿ."

"ಕೊಡ್ರಿ. ಆದ್ರ ಸಂಶೋಧನೆ ತಪ್ಪಾದವರು ತಜ್ಞರಾಗಿ ಉಳಿಯೂದಿಲ್ಲ. ತಜ್ಞರಲ್ಲದವರ ಅರ್ಜಿ ನಾವು ತಗೊಳ್ಳೂದಿಲ್ಲ. ನಿಯಮ ಬರದಾವ್ರು ನೀವ ಅಲ್ಲೇನ್ರಿ?"

ಹೌದು, ಅವರೇ. ಸುಳ್ಳು ವರದಿ ತೋರಿಸಿ, ಹೆದರಿಸಿ, ದುಬಾರಿ ಮದ್ದು ಮಾರುತ್ತಿದ್ದವರ ಹಾವಳಿ ಆಗ ಹೇಳತೀರದಷ್ಟಿತ್ತು. ಅವರನ್ನು ತಡೆಯಲೆಂದು ಸಂದಿ ಉಳಿಯದ ಹಾಗೆ ಗೋಡೆ ಕಟ್ಟಿದ್ದರು. ಈಗ ಅದೇ ಗೋಡೆಗೆ ತಲೆ ಚಚ್ಚಿಕೊಳ್ಳುವ ಸರದಿ ಅವರದು.

ಆದರೂ ಬರೆದುಕೊಟ್ಟರು. ಮಂಡಳಿ ಅವರನ್ನು ಹುದ್ದೆಯಿಂದ ಇಳಿಸಿತು, ಅರ್ಜಿಯನ್ನು ಹಿಂದಿರುಗಿಸಿತು. ಹಳೆಯ ಗೆಳೆಯರ ಮನೆ ಬಾಗಿಲು ಬಡಿದರು, ಪತ್ರಿಕೆಗಳಿಗೆ ಬರೆದರು. ಮುಪ್ಪಿನಲ್ಲಿ ತಲೆ ಕೆಟ್ಟಿದೆ ಎಂದು ಜನ ಮರುಗಿದರು.

ಚಳಿಗಾಲ ಕಳೆದ ಮೇಲೆ ರೇಣವ್ವ ಮಗಳನ್ನು ಎತ್ತಿಕೊಂಡು ಮತ್ತೆ ಪರೀಕ್ಷಾಲಯಕ್ಕೆ ಬಂದಳು. ಅವಳ ಪಕ್ಕದಲ್ಲಿ ಸರದಿಯಲ್ಲಿ ನಿಂತಿದ್ದವರು ಪ್ರಭಾವತಿ. ಅವರ ಗುರುತು ರೇಣವ್ವನ ಹೊರತು ಅಲ್ಲಿ ಯಾರಿಗೂ ಸಿಗಲಿಲ್ಲ. ಒಂದು ಹನಿ ರಕ್ತ ಬಿತ್ತು. ಹಸಿರು ದೀಪ ಹೊತ್ತಿತು. ನರ್ಸ್ ರೂಢಿಯಂತೆ ಕಸ್ತೂರಿಯ ಕೈ ಹಿಡಿದು ಅಂಗೈಗೆ ಸಕ್ಕರೆ ಹಾಕಿದಳು.

"ಅವ್ವಾ, ಸಕ್ರಿ ಬೀಳಾಕತ್ತೇತಿ," ಎಂದಳು ಕಸ್ತೂರಿ.

ಪ್ರಭಾವತಿ ಬಗ್ಗಿ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಮಡಿಚಿ, ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದರು. ಬೆರಳುಗಳು ಮತ್ತೆ ಬಿಚ್ಚಿಕೊಂಡವು.