ಮಂಜಿನ ಬಯಲಿನ ರಾಯಭಾರಿ

ಬಲು ಹಿಂದೆ, ಏಳು ಬೆಟ್ಟಗಳಾಚೆ, ಮಾವಳಿನಾಡು ಎಂಬ ರಾಜ್ಯವಿತ್ತು. ಅದರ ಅರಸ ತೀರಿಕೊಂಡ ಮೇಲೆ ಮಗ ಬಿಜ್ಜರಸ, ಮಗಳು ಲಚ್ಚಲೆ ಸಿಂಹಾಸನಕ್ಕಾಗಿ ಕಾದಾಡಿದರು. ಮೂರೇ ವರ್ಷಗಳಲ್ಲಿ ಅರ್ಧ ನಾಡು ಸುಟ್ಟುಹೋಯಿತು. ಎರಡು ಸೇನೆಗಳ ನಡುವಿನ ಬಯಲಿನಲ್ಲಿ ನಡುಹಗಲಲ್ಲೂ ಕರಗದ ಮಂಜು ಕವಿಯಿತು.

ಅಲ್ಲಿಂದ ಓಡಿಬಂದವರ ಗೋಳನ್ನು ನೆರೆನಾಡಿನ ರಾಣಿ ಮಾದೇವಿಗೆ ನೋಡಲಾಗಲಿಲ್ಲ. ಅರಮನೆಯಲ್ಲಿ ಓಲೆ ಓದುತ್ತಿದ್ದ ಚಾವುಂಡನೆಂಬ ತರುಣನನ್ನು ರಾಯಭಾರಿ ಮಾಡಿ, ನಲವತ್ತು ಜನ ಗುರಾಣಿಯವರನ್ನು ಜೊತೆಗೆ ಕೊಟ್ಟಳು.

“ಯಾರ ಪಕ್ಷವನ್ನೂ ವಹಿಸಬೇಡ, ಕತ್ತಿ ಒಯ್ಯಬೇಡ. ನಡುವೆ ನಿಂತು ಇವರ ಮಾತು ಅವರಿಗೆ ಮುಟ್ಟಿಸು,” ಎಂದಳು.

ಚಾವುಂಡ ಮೊದಲು ಬಿಜ್ಜರಸನ ಪಾಳೆಯಕ್ಕೆ ಹೋದ. ಕಾದಾಡಿ ಅವನೂ ದಣಿದಿದ್ದ. “ನನ್ನ ಬಳಿ ವೈದ್ಯರಿದ್ದಾರೆ. ತಂಗಿ ತನ್ನ ಗಾಯಾಳುಗಳನ್ನು ಕಳಿಸಲಿ, ವಾಸಿಮಾಡಿಸುತ್ತೇನೆ,” ಎಂದ.

ಚಾವುಂಡ ಮಂಜಿನೊಳಗೆ ನಡೆದ. “ಏನು ಒಯ್ಯುತ್ತಿದ್ದೀಯಪ್ಪಾ?” ಎಂದು ಒಂದು ದನಿ ಕೇಳಿತು.

“ಒಳ್ಳೆಯ ಮಾತು,” ಎಂದ ಚಾವುಂಡ.

ಲಚ್ಚಲೆಯ ಮುಂದೆ ಬಾಯಿ ತೆರೆದಾಗ, “ಗಾಯಾಳುಗಳನ್ನು ಕಳಿಸು, ಕೊಲ್ಲಿಸುತ್ತೇನೆ” ಎಂಬ ಮಾತು ಹೊರಬಿತ್ತು. ದನಿ ಅವನದೇ. ಮಾತು ಮಾತ್ರ ಅವನದಲ್ಲ. ಬಾಣಗಳು ಹಾರಿದವು. ಇಬ್ಬರು ಗುರಾಣಿಯವರು ಗಾಯಗೊಂಡರು.

ಎರಡನೆಯ ಸಲ ಬಿಜ್ಜರಸ ಓಲೆ ಬರೆದುಕೊಟ್ಟ. ಮಂಜಿನ ದನಿ ಮತ್ತೆ ಕೇಳಿತು. “ಒಳ್ಳೆಯ ಓಲೆ,” ಎಂದ ಚಾವುಂಡ. ಲಚ್ಚಲೆ ಓಲೆ ಬಿಚ್ಚಿದಾಗ ಅಕ್ಷರಗಳು ಇರುವೆಗಳಂತೆ ಹರಿದಾಡಿ ಬೈಗುಳವಾಗಿ ಕೂತವು. ಮೂರನೆಯ ಸಲ ಅವನು ಹೊತ್ತದ್ದು ಅಕ್ಕಿಯ ಮೂಟೆ. “ಒಳ್ಳೆಯ ಅಕ್ಕಿ,” ಎಂದ. ಮೂಟೆ ಬಿಚ್ಚಿದರೆ ಚೇಳುಗಳು ಸುರಿದವು.

ಗುರಾಣಿಯವರ ಮುಖಂಡ ಬರಮಪ್ಪ ಕೇಳಿದ, “ಮೋಸ ಯಾರದು ಸ್ವಾಮಿ?”

“ಅಣ್ಣನದೋ, ತಂಗಿಯದೋ, ನನ್ನದೇ ನಾಲಿಗೆಯದೋ, ತಿಳಿಯುತ್ತಿಲ್ಲ ಬರಮಪ್ಪ.”

“ಹಾಗಾದರೆ ಊರಿಗೆ ಹೋಗೋಣ.”

ಚಾವುಂಡ ಹೊರಡಲೆಂದೇ ಎದ್ದ. ಅಷ್ಟರಲ್ಲಿ ಯಾರೋ ನೀರು ಕೇಳಿ ನರಳುವುದು ಕೇಳಿಸಿತು. ಯಾವ ಕಡೆಯವನೆಂದು ಗೊತ್ತಾಗಲಿಲ್ಲ. ಚಾವುಂಡನಿಗೆ ಊರಿಗೆ ಹೋಗಲು ಮನಸ್ಸು ಬರಲಿಲ್ಲ. ಬರಿಗೈಯಲ್ಲೇ ಮತ್ತೆ ಮಂಜಿಗಿಳಿದ.

“ಏನು ಒಯ್ಯುತ್ತಿದ್ದೀಯಪ್ಪಾ?”

“ನನಗೇ ತಿಳಿಯದು,” ಎಂದ ಚಾವುಂಡ. ಅದು ನಿಜವಾಗಿತ್ತು.

ಮಂಜು ಒಂದಿಷ್ಟು ಸರಿದಾಗ ತಾಳೆಮರದೆತ್ತರದ ಮಾಯಾವಿಯೊಬ್ಬ ಕಂಡ. ಜಗಳವನ್ನೇ ತಿಂದು ಬೆಳೆದ ಧೂಮಕನವನು. ಒಯ್ಯುವವರು ಹೆಸರಿಟ್ಟು ಹೇಳಿದ್ದನ್ನೆಲ್ಲ ತಿರುಚಬಲ್ಲ, ಹೆಸರಿಲ್ಲದ್ದನ್ನು ಮುಟ್ಟಲಾರ.

ಚಾವುಂಡ ಲಚ್ಚಲೆಯ ಮುಂದೆ ನಿಂತು, “ನನಗೇನೂ ಅರ್ಥವಾಗುತ್ತಿಲ್ಲ ತಾಯಿ. ನೀವೇ ಬಂದು ನಿಮ್ಮಣ್ಣನನ್ನು ಕೇಳಿ,” ಎಂದ. ಈ ಮಾತು ಇದ್ದ ಹಾಗೇ ಹೊರಬಂತು. ಮೂರು ವರ್ಷಗಳಿಂದ ಎಲ್ಲರೂ ಅವಳಿಗೆ ಖಚಿತವಾದ ಮಾತನ್ನೇ ಹೇಳಿದ್ದರು. ಅವಳು ಅವನ ಮುಖವನ್ನೇ ನೋಡಿ, ಎದ್ದು ನಡೆದಳು. ಅಣ್ಣನಿಗೂ ಚಾವುಂಡ ಅದನ್ನೇ ಹೇಳಿ ಬಯಲಿನ ನಡುವಿಗೆ ಕರೆತಂದ.

ಗುರಾಣಿಯವರು ಅವರಿಬ್ಬರ ಇಕ್ಕೆಲಗಳಲ್ಲಿ ಎರಡು ಸಾಲಾಗಿ ನಿಂತರು. ಮಂಜಿನಲ್ಲಿ ಏನೂ ಕಾಣದ ಎರಡೂ ಸೇನೆಗಳ ಬಾಣಗಳು ಬಡಿದವು. ಒಬ್ಬರೂ ಕದಲಲಿಲ್ಲ.

“ಏನು ತಂದಿದ್ದೀರಿ?” ಎಂದು ಧೂಮಕ ಗುಡುಗಿದ. ಅಣ್ಣ ತಂಗಿಯರಿಗೂ ಅದು ತಿಳಿದಿರಲಿಲ್ಲ. ಅವರು ಅವನತ್ತ ತಿರುಗದೆ ಒಬ್ಬರ ಬಳಿಗೊಬ್ಬರು ಬಂದರು.

“ನನ್ನವರನ್ನು ಕೊಲ್ಲಲು ಕರೆದೆಯಾ ಅಣ್ಣ?” ಎಂದಳು ಲಚ್ಚಲೆ.

“ವಾಸಿಮಾಡಿಸಲು ಕರೆದೆ,” ಎಂದ ಬಿಜ್ಜರಸ.

ಇಬ್ಬರ ನಡುವೆ ಒಂದು ಗೇಣೂ ಇರಲಿಲ್ಲ. ತಿರುಚಲು ಮಾಯಾವಿಗೆ ಜಾಗ ಸಿಗಲಿಲ್ಲ. ಅವನು ಕುಗ್ಗಿ ಕುಗ್ಗಿ ಹಿಡಿ ಹೊಗೆಯಾಗಿ ಗಾಳಿಗೆ ಹೋದ. ಬಯಲಿಗೆ ಬಿಸಿಲು ಬಿತ್ತು.

ಗಾಯಾಳುಗಳೆಲ್ಲ ಒಂದೇ ಚಪ್ಪರದಡಿ ಮಲಗಿ ಗುಣವಾದರು. ಓಡಿಹೋದವರು ಮರಳಿ ಬಂದರು. ಅಣ್ಣ ತಂಗಿ ಕೂಡಿ ನಾಡನ್ನಾಳಿದರು. ಮೊದಲ ಬೆಳೆ ಕೈಗೆ ಬರುವವರೆಗೆ ಗುರಾಣಿಯವರು ಅಲ್ಲೇ ಉಳಿದು, ಜನರ ಜೊತೆ ಹೊಲ ಉತ್ತರು. ಅವರು ಹೊರಟ ದಿನ ಊರವರೆಲ್ಲ ಗಡಿಯವರೆಗೆ ನಡೆದುಬಂದು ಕಳಿಸಿಕೊಟ್ಟರು. ಆಮೇಲೆ ಎಲ್ಲರೂ ಹೊಟ್ಟೆ ತುಂಬ ಉಂಡು, ಕದ ತೆರೆದಿಟ್ಟೇ ಮಲಗಿ, ಸುಖವಾಗಿ ಬಾಳಿದರು.